ಮರದಲ್ಲಿ ಹಾರಿದ ಮರುತ್

(1/8)
ಹಳೇ ಮದ್ರಾಸ್ ರೋಡಿನಿಂದ ಹಳೇ ಏರ್‌ಪೋರ್ಟ್ ರೋಡಿಗೆ ಹೋಗೋ ಸುರಂಜನ್ ದಾಸ್ ರಸ್ತೆ ಬೆಂಗಳೂರಿನವರಿಗೆಲ್ಲ ಗೊತ್ತು. ಆ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ನೀವೂ ಬೈದುಕೊಂಡಿರ್ತೀರಿ. ಆದರೆ ಈ ದಾಸ್ ಯಾರು ಅಂತ ಯಾವತ್ತಾದರೂ ಯೋಚಿಸಿದ್ದೀರಾ?

1961ರ ಜೂನ್ 17ರಂದು, ಅದೇ ರಸ್ತೆಯ ಪಕ್ಕದ ಎಚ್‌ಎಎಲ್ ರನ್‌ವೇಯಿಂದ ಎಚ್‌ಎಫ್-24 ಮರುತ್ ಯುದ್ಧವಿಮಾನವನ್ನ ಮೊದಲ ಸಲ ಮೇಲಕ್ಕೆ ಒಯ್ದವರು ಅವರು. ಭಾರತದಲ್ಲೇ ವಿನ್ಯಾಸವಾಗಿ, ಭಾರತದಲ್ಲೇ ತಯಾರಾದ ಮೊದಲ ಜೆಟ್ ಯುದ್ಧವಿಮಾನ ಅದು. ಹುಟ್ಟಿದ್ದು ನಮ್ಮ ಬೆಂಗಳೂರಲ್ಲಿ.

ಈ ಕಂತಿನ ಫೋಟೋಗಳಲ್ಲಿ ನೀವು ನೋಡ್ತಿರೋದು ಅದೇ ಮರುತ್‌ನ 1:24 ಅಳತೆಯ ಮಾದರಿ. ಮೇಜಿನ ಮೇಲೆ ಇನ್ನೂ ಅರ್ಧ ಮರ, ಅರ್ಧ ಪುಟ್ಟಿ. ಆದರೆ ಇವತ್ತಿನ ಕಥೆ ಈ ಮಾದರಿಯದ್ದಲ್ಲ. ಇದಕ್ಕಿಂತ 24 ಪಟ್ಟು ದೊಡ್ಡದಾದ ಇನ್ನೊಂದು ಮಾದರಿಯದ್ದು. ಅದನ್ನ ಎಚ್‌ಎಎಲ್‌ನವರೇ ಮರದಲ್ಲಿ ಕಟ್ಟಿದ್ದರು. ಮನುಷ್ಯರನ್ನ ಕೂರಿಸಿ ಹಾರಿಸಿಯೂ ಬಿಟ್ಟಿದ್ದರು!

(2/8)
ಮೊದಲು ಇದನ್ನ ವಿನ್ಯಾಸ ಮಾಡಿದವರ ಬಗ್ಗೆ ಎರಡು ಮಾತು.

ಮಾದರಿ ವಿಮಾನ ಕಟ್ಟೋ ಹವ್ಯಾಸ ಇರೋರಿಗೆ ಜರ್ಮನಿಯ ಫೋಕೆ-ವುಲ್ಫ್ 190 ಗೊತ್ತೇ ಇರುತ್ತೆ. ಎರಡನೇ ಮಹಾಯುದ್ಧದ ಆ ವಿಮಾನದ ಕಿಟ್‌ಗಳು ಪ್ರಪಂಚದ ಯಾವ ಮೂಲೆಯ ಹವ್ಯಾಸಿ ಅಂಗಡಿಗೆ ಹೋದರೂ ಸಿಗುತ್ತವೆ. ಅದರ ವಿನ್ಯಾಸಕ ಕುರ್ಟ್ ಟ್ಯಾಂಕ್. ಯುದ್ಧ ಸೋತ ಮೇಲೆ ಅವರು ಅರ್ಜೆಂಟೀನಾಕ್ಕೆ ಹೋದರು, ಅಲ್ಲಿ ಪುಲ್ಕಿ-2 ಅನ್ನೋ ಜೆಟ್ ಮಾಡಿದರು. ಪೆರೋನ್ ಸರ್ಕಾರ ಬಿದ್ದಿತು, ಅಲ್ಲಿನ ಕೆಲಸವೂ ಮುಗಿಯಿತು. 1956ರಲ್ಲಿ ಟ್ಯಾಂಕ್ ತಮ್ಮ ಜರ್ಮನ್ ಸಹೋದ್ಯೋಗಿಗಳ ಚಿಕ್ಕ ತಂಡದ ಜೊತೆ ಬೆಂಗಳೂರಿಗೆ ಬಂದರು.

ಹಾಗಂತ ಬೆಂಗಳೂರು ಏನೂ ಗೊತ್ತಿಲ್ಲದ ಊರಾಗಿರಲಿಲ್ಲ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್‌ನಲ್ಲೇ ಇಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದ್ದರು. ವಿ. ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ವಿನ್ಯಾಸವಾದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲೇ ಹಾರಿತ್ತು. ಆದರೆ ಅದು ಪ್ರೊಪೆಲರ್ ವಿಮಾನ. ವಾಯುಪಡೆ ಈಗ ಕೇಳ್ತಿದ್ದದ್ದು ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗೋ ಜೆಟ್. ಎಚ್‌ಟಿ-2ರಿಂದ ಅಲ್ಲಿಗೆ ಒಂದೇ ಜಿಗಿತ!

(3/8)
ಹೊಸ ಆಕಾರದ ವಿಮಾನ ಸರಿಯಾಗಿ ಹಾರುತ್ತಾ ಅಂತ ಹಾರಿಸೋ ಮೊದಲೇ ತಿಳಿಯೋದು ಹೇಗೆ? ಚಿಕ್ಕ ಮಾದರಿ ಮಾಡಿ ಗಾಳಿ ಸುರಂಗದಲ್ಲಿ ಇಡ್ತಾರೆ. ಒಳಗೆ ಜೋರಾಗಿ ಗಾಳಿ ಬಿಟ್ಟು, ರೆಕ್ಕೆ ಎಷ್ಟು ಎತ್ತುತ್ತೆ, ಗಾಳಿ ಎಷ್ಟು ತಡೆಯುತ್ತೆ ಅಂತ ಅಳೀತಾರೆ.

ಆದರೆ ಇಲ್ಲೊಂದು ಪೇಚಿದೆ. ನೀವು ವಿಮಾನವನ್ನ 24 ಪಟ್ಟು ಚಿಕ್ಕದು ಮಾಡಬಹುದು, ಗಾಳಿಯನ್ನ ಮಾಡೋಕಾಗಲ್ಲ. ಗಾಳಿಯ ಅಂಟುಗುಣ, ದಟ್ಟಣೆ ಹಾಗೇ ಇರುತ್ತೆ. ಹಾಗಾಗಿ ಚಿಕ್ಕ ರೆಕ್ಕೆಯ ಮೇಲೆ ಗಾಳಿ ಹರಿಯೋ ರೀತಿಯೇ ಬೇರೆ, ದೊಡ್ಡ ರೆಕ್ಕೆಯ ಮೇಲೆ ಹರಿಯೋ ರೀತಿಯೇ ಬೇರೆ. ಅದರಲ್ಲೂ ಇಳಿಯುವಾಗಿನ ನಿಧಾನದ ವೇಗದಲ್ಲಿ, ಹಿಂದಕ್ಕೆ ಬಾಗಿದ ರೆಕ್ಕೆ ಯಾವಾಗ ಕೈಕೊಡುತ್ತೆ ಅನ್ನೋದು ಪೈಲಟ್‌ಗೆ ಜೀವದ ಪ್ರಶ್ನೆ.

ಆಗ ನಮ್ಮಲ್ಲಿ ಸೌಕರ್ಯಗಳೂ ಅಷ್ಟಕ್ಕಷ್ಟೆ. ಬೆಂಗಳೂರಿನ ಎನ್‌ಎಎಲ್‌ನ ದೊಡ್ಡ ಅತಿವೇಗದ ಗಾಳಿ ಸುರಂಗ ಕೆಲಸ ಶುರು ಮಾಡಿದ್ದೇ 1967ರಲ್ಲಿ. ಮರುತ್ ಹಾರಿ ಆರು ವರ್ಷ ಆದಮೇಲೆ!

ಹಾಗಾದ್ರೆ ದಾರಿ? ಮಾದರಿಯನ್ನ ಚಿಕ್ಕದು ಮಾಡೋದೇ ಬೇಡ. ಪೂರ್ತಿ ಅಳತೆಯಲ್ಲೇ ಕಟ್ಟೋಣ. ಎಂಜಿನ್ ಇಲ್ಲದೆ. ಮರದಲ್ಲಿ.

(4/8)
ಹೀಗೆ ಹುಟ್ಟಿದ್ದು ಎಕ್ಸ್-241. ಮುಂದೆ ಬರಲಿದ್ದ ಮರುತ್‌ನದ್ದೇ ಅಳತೆ, ಅದೇ ರೆಕ್ಕೆ, ಅದೇ ನಿಯಂತ್ರಣ ವ್ಯವಸ್ಥೆ. ಇಬ್ಬರು ಕೂರೋ ಜಾಗ. ಒಳಕ್ಕೆ ಮಡಚಿಕೊಳ್ಳೋ ಚಕ್ರಗಳೂ ಇದ್ದವು. ಎಂಜಿನ್ ಒಂದಿರಲಿಲ್ಲ.

1959ರಲ್ಲಿ ಇದನ್ನ ಡಕೋಟಾ ವಿಮಾನದ ಹಿಂದೆ ಹಗ್ಗ ಕಟ್ಟಿ ಎಳೆದು ಮೇಲಕ್ಕೆ ಒಯ್ದರು. ಎತ್ತರಕ್ಕೆ ಹೋದ ಮೇಲೆ ಹಗ್ಗ ಬಿಡೋದು, ತೇಲುತ್ತಾ ಇಳಿಯೋದು. ನೀವೇ ಯೋಚಿಸಿ: ಗ್ಲೈಡರ್ ಅಂದರೆ ಸಾಮಾನ್ಯವಾಗಿ ಉದ್ದನೆಯ ತೆಳ್ಳನೆ ರೆಕ್ಕೆ, ಹದ್ದಿನ ಥರ ನಿಧಾನಕ್ಕೆ ಸುತ್ತೋದು. ಇದಕ್ಕಿದ್ದದ್ದು ಯುದ್ಧವಿಮಾನದ ಮೋಟು ರೆಕ್ಕೆ. ಎಂಜಿನ್ ಇಲ್ಲ, ಅಂದರೆ ಇಳಿಯೋದು ತಪ್ಪಿದರೆ ಇನ್ನೊಂದು ಸುತ್ತು ಹೊಡೆದು ಬರೋ ಅವಕಾಶವೂ ಇಲ್ಲ. ಅದರಲ್ಲಿ ಕೂತವರ ಧೈರ್ಯ ಎಂಥದ್ದು ನೋಡಿ.

ಒಂದೆರಡು ಸಲ ಅಲ್ಲ, ಹತ್ತಾರು ಸಲ ಹಾರಿಸಿದರು. ಕೊನೆಗೊಂದು ದಿನ ಇಳಿಯುವಾಗ ಮೂತಿಯ ಚಕ್ರ ಹೊರಗೆ ಬರಲಿಲ್ಲ, ವಿಮಾನಕ್ಕೆ ಸ್ವಲ್ಪ ಪೆಟ್ಟಾಯಿತು. ಅಷ್ಟರಲ್ಲಿ ಅದರ ಕೆಲಸ ಮುಗಿದಿತ್ತು. ಆಕಾರ ಸರಿಯಿದೆ ಅಂತ ಗೊತ್ತಾಗಿತ್ತು.

ಎರಡು ವರ್ಷ ಕಳೆದು ಲೋಹದ ಮರುತ್ ಹಾರಿತು.

(5/8)
ಈಗ ನಮ್ಮ ಮೇಜಿಗೆ ಬನ್ನಿ. ಇದೇ ಆಕಾರವನ್ನ ಕೈಯಲ್ಲಿ ಕಟ್ಟೋಕೆ ಕೂತಾಗ ಮರುತ್ ಎಂಥ ವಿಮಾನ ಅಂತ ಬೆರಳಿಗೆ ಗೊತ್ತಾಗುತ್ತೆ.

ನಿಜವಾದ ಮರುತ್ 15.87 ಮೀಟರ್ ಉದ್ದ, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. 1:72 ಅಳತೆಯಲ್ಲಿ ಇದು 22 ಸೆಂ.ಮೀ., ಅಂಗೈ ಮೇಲೆ ಕೂರುತ್ತೆ. 1:24ರಲ್ಲಿ 66 ಸೆಂ.ಮೀ., ಅರ್ಧ ಮೇಜು ಬೇಕು. ಇಷ್ಟು ದೊಡ್ಡದಾದಾಗ ತಪ್ಪುಗಳೂ ದೊಡ್ಡದಾಗೇ ಕಾಣುತ್ತವೆ.

ಒಡಲನ್ನ ಒಂದೇ ಮರದ ತುಂಡಿನಲ್ಲಿ ಕೆತ್ತೋದಿಲ್ಲ. ನಕ್ಷೆಯಲ್ಲಿ ವಿಮಾನವನ್ನ ಬ್ರೆಡ್ಡಿನ ಹಾಗೆ ಅಡ್ಡಡ್ಡ ಕೊಯ್ದುಕೊಂಡು, ಪ್ರತಿ ಕೊಯ್ತದ ಆಕಾರದಲ್ಲೂ ಒಂದೊಂದು ತೆಳು ಪ್ಲೈವುಡ್ ತುಂಡು ಕತ್ತರಿಸೋದು. ಅವನ್ನ ಉದ್ದನೆಯ ಕಡ್ಡಿಗೆ ಸಾಲಾಗಿ ನಿಲ್ಲಿಸೋದು. ಮೇಲಿಂದ ಬಾಲ್ಸಾ ಪಟ್ಟಿ ಹೊದಿಸಿ, ಪುಟ್ಟಿ ಹಚ್ಚಿ, ಉಪ್ಪುಕಾಗದದಲ್ಲಿ ಉಜ್ಜೋದು. ಉಜ್ಜಿ ಉಜ್ಜಿ ಕೈ ಸೋತಾಗ ಆಕಾರ ಬರೋಕೆ ಶುರು ಆಗುತ್ತೆ.

ಮೂರನೇ ಫೋಟೋ ನೋಡಿ. ಒಡಲು ಮಧ್ಯದಲ್ಲಿ ಸ್ವಲ್ಪ ಸಣ್ಣಗಾಗಿದೆ, ಸೊಂಟದ ಹಾಗೆ. ಅಂದಕ್ಕಾಗಿ ಅಲ್ಲ. ಶಬ್ದದ ವೇಗದ ಹತ್ತಿರ ಹೋದಾಗ ಗಾಳಿಯ ತಡೆ ಒಮ್ಮೆಲೇ ಏರುತ್ತೆ. ವಿಮಾನದ ಅಡ್ಡಕೊಯ್ತದ ಒಟ್ಟು ವಿಸ್ತೀರ್ಣ ಮೂತಿಯಿಂದ ಬಾಲದವರೆಗೆ ನಯವಾಗಿ ಏರಿ ಇಳಿದರೆ ಆ ತಡೆ ಕಡಿಮೆ. ರೆಕ್ಕೆ ಬಂದ ಕಡೆ ವಿಸ್ತೀರ್ಣ ಜಾಸ್ತಿ ಆಗೋದರಿಂದ ಒಡಲನ್ನ ಅಲ್ಲಿ ಒಳಕ್ಕೆ ಒತ್ತಬೇಕು. 1950ರ ದಶಕದಲ್ಲಿ ಇದು ತೀರಾ ಹೊಸ ತಿಳಿವಳಿಕೆ. ಅದು ಬೆಂಗಳೂರಿನ ಡ್ರಾಯಿಂಗ್ ಬೋರ್ಡಿನ ಮೇಲೆ ಆಗಲೇ ಇತ್ತು.

(6/8)
ಬಣ್ಣದ ವಿಷಯ. ಇಲ್ಲಿ ಅವಸರ ಮಾಡಿದರೆ ತಿಂಗಳುಗಟ್ಟಲೆ ಕೆಲಸ ಒಂದು ಮಧ್ಯಾಹ್ನದಲ್ಲಿ ಹಾಳು.

ಮೊದಲು ಮರದ ಎಳೆಗಳನ್ನ ಮುಚ್ಚಬೇಕು. ಸೀಲರ್ ಹಚ್ಚೋದು, ಒಣಗಿಸೋದು, ಉಜ್ಜೋದು, ಮತ್ತೆ ಹಚ್ಚೋದು. ಆಮೇಲೆ ಬೂದು ಪ್ರೈಮರ್. ಕಣ್ಣಿಗೆ ಕಾಣದ ಗೀರು, ಗುಂಡಿ ಎಲ್ಲ ಪ್ರೈಮರ್ ಬಿದ್ದಮೇಲೆ ಎದ್ದು ಕಾಣುತ್ತೆ. ಕಾರಿಗೆ ಟಿಂಕರಿಂಗ್ ಮಾಡೋರನ್ನ ಕೇಳಿ, ಅವರೂ ಇದೇ ಹೇಳ್ತಾರೆ.

ಬಣ್ಣ ತೆಳುವಾಗಿರಲಿ. ಒಂದು ಲೆಕ್ಕ ಹೇಳ್ತೀನಿ: ನಿಮ್ಮ ಮಾದರಿ ಮೇಲೆ ಬಣ್ಣ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗ ದಪ್ಪ ಕೂತರೂ, 1:24 ಅಳತೆಯಲ್ಲಿ ಅದು ನಿಜವಾದ ವಿಮಾನದ ಮೇಲೆ 2.4 ಮಿ.ಮೀ. ದಪ್ಪ ಬಳಿದ ಹಾಗೆ. ಅದಕ್ಕೇ ಬ್ರಶ್‌ಗಿಂತ ಏರ್‌ಬ್ರಶ್ ವಾಸಿ. ಥಿನ್ನರ್ ಸೇರಿಸಿ, ಮಂಜು ಬಿದ್ದ ಹಾಗೆ ಮೂರ್ನಾಲ್ಕು ಕೋಟ್.

ಇನ್ನು ಯಾವ ಬಣ್ಣ? ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಮರುತ್ ನಿಂತಿದೆ, ಎಚ್‌ಎಎಲ್ ಮ್ಯೂಸಿಯಂನಲ್ಲೂ ಇದೆ. ಹೋಗಿ ಆಕಾರ ನೋಡಿ, ಚಕ್ರ ನೋಡಿ, ಮೂತಿಯ ಫಿರಂಗಿ ಕಿಂಡಿಗಳನ್ನ ನೋಡಿ. ಬಣ್ಣ ಮಾತ್ರ ಅಲ್ಲಿಂದ ನಕಲು ಮಾಡಬೇಡಿ. ಬಿಸಿಲು ಮಳೆಗೆ ನಿಂತ ವಿಮಾನಕ್ಕೆ ಮತ್ತೆ ಮತ್ತೆ ಬಣ್ಣ ಬಳೀತಾರೆ. ನೀವು ಕಟ್ಟೋದು ಯಾವ ವರ್ಷದ, ಯಾವ ಸ್ಕ್ವಾಡ್ರನ್‌ನ ವಿಮಾನ ಅಂತ ಮೊದಲು ತೀರ್ಮಾನಿಸಿ, ಆ ಕಾಲದ ಫೋಟೋ ಹುಡುಕಿ. ಇತಿಹಾಸ ಓದೋರಿಗೂ ಇದೇ ನಿಯಮ ಅಲ್ವಾ? ಮೇಲಿನ ಬಣ್ಣ ಯಾವಾಗ, ಯಾರು ಬಳಿದದ್ದು ಅಂತ ಮೊದಲು ಕೇಳಬೇಕು.

(7/8)
ಮರುತ್‌ನ ಹೆಸರಿನ ಮೇಲೂ ಅಂಥದ್ದೊಂದು ಬಣ್ಣ ಬಳಿದಿದ್ದಾರೆ. "ಸೋತ ವಿಮಾನ" ಅಂತ. ಆ ಬಣ್ಣವನ್ನ ಸ್ವಲ್ಪ ಉಜ್ಜಿ ನೋಡೋಣ.

ಟ್ಯಾಂಕ್ ಈ ಆಕಾರವನ್ನ ಬರೆದದ್ದು ಬ್ರಿಟನ್‌ನ ಆರ್ಫಿಯಸ್ 12 ಅನ್ನೋ ಎಂಜಿನ್ ಬರುತ್ತೆ ಅನ್ನೋ ನಂಬಿಕೆ ಮೇಲೆ. ಆಫ್ಟರ್‌ಬರ್ನರ್ ಹಾಕಿದರೆ ಒಂದೊಂದಕ್ಕೆ ಸುಮಾರು 3700 ಕೆ.ಜಿ. ನೂಕುಬಲ. ಆದರೆ ಬ್ರಿಟನ್‌ಗೆ ಆ ಎಂಜಿನ್‌ನ ಅಗತ್ಯ ಉಳಿಯಲಿಲ್ಲ. ಬೇಕಿದ್ದರೆ ಅಭಿವೃದ್ಧಿಯ ಖರ್ಚು ನೀವು ಕೊಡಿ ಅಂದರು. ನಮ್ಮ ಸರ್ಕಾರ ಕೊಡಲಿಲ್ಲ. ಕೊನೆಗೆ ಮರುತ್‌ಗೆ ಸಿಕ್ಕಿದ್ದು ಎಚ್‌ಎಎಲ್ ಪರವಾನಗಿ ಪಡೆದು ತಯಾರಿಸುತ್ತಿದ್ದ ಆರ್ಫಿಯಸ್ 703. ನೂಕುಬಲ ಸುಮಾರು 2200 ಕೆ.ಜಿ. ಎಂಜಿನ್ ಎರಡಿದ್ದರೂ ಶಬ್ದದ ವೇಗ ದಾಟೋಕೆ ಸಾಲದು.

ಬೇರೆ ದಾರಿ ಹುಡುಕಲಿಲ್ಲ ಅಂತಲ್ಲ. ಈಜಿಪ್ಟ್‌ನಲ್ಲಿ ತಯಾರಾಗುತ್ತಿದ್ದ ಎಂಜಿನ್ ಒಂದನ್ನ ಪರೀಕ್ಷೆ ಮಾಡೋಕೆ ಮರುತ್ ಅಲ್ಲಿಗೂ ಹೋಯಿತು. ಅದೂ ಕೈಗೂಡಲಿಲ್ಲ. ಇದ್ದ ಆರ್ಫಿಯಸ್‌ಗೇ ಆಫ್ಟರ್‌ಬರ್ನರ್ ಜೋಡಿಸೋ ಪ್ರಯತ್ನ ಬೆಂಗಳೂರಲ್ಲಿ ನಡೀತು. ಆ ಪರೀಕ್ಷಾ ವಿಮಾನ 1970ರ ಜನವರಿ 10ರಂದು ಬಿದ್ದುಹೋಯಿತು. ಅದರಲ್ಲಿದ್ದವರು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್. ಮೊದಲ ಹಾರಾಟ ಹಾರಿಸಿದವರು ಅದೇ ವಿಮಾನದ ಕೊರತೆ ನೀಗಿಸೋ ಪ್ರಯತ್ನದಲ್ಲಿ ತೀರಿಹೋದರು.

ಮುಂದಿನ ವರ್ಷ, 1971ರ ಡಿಸೆಂಬರ್. ರಾಜಸ್ಥಾನದ ಗಡಿಯಲ್ಲಿ ಮರುತ್ ಯುದ್ಧಕ್ಕಿಳಿಯಿತು. ಮರಳುಗಾಡಿನ ಮೇಲೆ ತೀರಾ ಕೆಳಗೆ ಹಾರಿ ದಾಳಿ ಮಾಡಿತು. ಅಷ್ಟು ಕೆಳಗೂ ಅಲುಗಾಡದ, ನಂಬಿಕಸ್ಥ ವಿಮಾನ ಅಂತ ಹೆಸರು ಪಡೆಯಿತು. ಒಂದು ಎಂಜಿನ್‌ಗೆ ಏಟು ಬಿದ್ದರೂ ಇನ್ನೊಂದರ ಮೇಲೇ ವಾಪಸು ಬಂದ ಮರುತ್‌ಗಳಿವೆ. ಒಟ್ಟು 147 ವಿಮಾನ ತಯಾರಾದವು. 1990ರ ಹೊತ್ತಿಗೆ ಅವೆಲ್ಲ ನಿವೃತ್ತಿ ಆದವು.

(8/8)
ಇಷ್ಟೆಲ್ಲ ಹೇಳಿದ್ದು ಯಾಕೆ ಅಂದರೆ, "ಮರುತ್ ಸೋತಿತು" ಅನ್ನೋ ಒಂದು ಮಾತಿನಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಸೇರಿಕೊಂಡುಬಿಟ್ಟಿವೆ. ಆಕಾರ ಸರಿಯಿತ್ತಾ? ಎಂಜಿನ್ ಸರಿಯಿತ್ತಾ? ಮೊದಲನೇದಕ್ಕೆ 1959ರ ಮರದ ಮಾದರಿಯೇ ಉತ್ತರ ಹೇಳಿಬಿಟ್ಟಿತ್ತು. ಎರಡನೇದಕ್ಕೆ ಅದು ಉತ್ತರ ಹೇಳೋಕೆ ಸಾಧ್ಯವೇ ಇರಲಿಲ್ಲ, ಯಾಕಂದರೆ ಅದರೊಳಗೆ ಎಂಜಿನ್ನೇ ಇರಲಿಲ್ಲ. ನಾವೇ ಮಾಡಿಕೊಂಡದ್ದು ಕೈಹಿಡಿಯಿತು. ಬೇರೆಯವರು ಕೊಡ್ತಾರೆ ಅಂತ ಕಾದದ್ದು ಬರಲಿಲ್ಲ.

ದಶಕಗಳು ಕಳೆದು ಅದೇ ಎಚ್‌ಎಎಲ್ ರನ್‌ವೇಯಿಂದ 2001ರಲ್ಲಿ ಹಾರಿದ ತೇಜಸ್‌ಗೂ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಎಂಜಿನ್ನೇ ಬೇಕಾಯಿತು. ಕಾವೇರಿ ಅಂತ ನಮ್ಮದೇ ಎಂಜಿನ್ ಮಾಡೋ ಕೆಲಸ ವರ್ಷಗಟ್ಟಲೆ ನಡೆದರೂ ತೇಜಸ್‌ಗೆ ಅದು ಒದಗಲಿಲ್ಲ. ಹಾಗಾಗಿ ಇದು ಮುಗಿದ ಕಥೆ ಅಂದುಕೊಳ್ಳಬೇಡಿ.

ಕೊನೆಯ ಫೋಟೋ ಮಾದರಿಯ ಹಿಂಭಾಗದ್ದು. ಎರಡು ಕೊಳವೆ, ಒಳಗೆ ಕಪ್ಪು ಬಣ್ಣ, ಅದರಾಚೆ ಖಾಲಿ. ಹಿಂದಕ್ಕೆ ಕುಕ್ಕರಿಸದೆ ಮೂರು ಚಕ್ರದ ಮೇಲೆ ನಿಲ್ಲಲಿ ಅಂತ ಮೂತಿಯೊಳಗೆ ಮೀನು ಹಿಡಿಯೋರ ಸೀಸದ ಗುಂಡು ತುಂಬಿದ್ದೇನೆ. ಮುಂದಿನ ಕಂತಿನಲ್ಲಿ ವಾಯುಪಡೆಯ ಗುರುತು ಬಿಡಿಸೋಣ: ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಅಷ್ಟರಲ್ಲಿ ಬಿಡುವಾದರೆ ಮಕ್ಕಳನ್ನ ಕರ್ಕೊಂಡು ಮ್ಯೂಸಿಯಂಗೆ ಹೋಗಿ ಬನ್ನಿ. ವಿಮಾನದ ಮುಂದೆ ನಿಂತು ಸೆಲ್ಫಿ ತಗೊಳ್ಳಿ, ತಪ್ಪೇನಿಲ್ಲ. ಆಮೇಲೆ ಪಕ್ಕಕ್ಕೆ ಬಂದು ಆ ಸೊಂಟದ ತಿರುವನ್ನೊಮ್ಮೆ ನೋಡಿ. ಅದು ಮೊದಲು ಮರದಲ್ಲಿ ಹಾರಿದ ಆಕಾರ.

#ಮರುತ್ #ಬೆಂಗಳೂರು_ಇತಿಹಾಸ #ಎಚ್‌ಎಎಲ್ #ಮಾದರಿ_ವಿಮಾನ #ಕನ್ನಡ