ಟಿಬೆಟ್ಟಿನ ಚೂರಿಗೆ ವಯಸ್ಸೆಷ್ಟು?

ಲಡಾಖಿಗೋ ಕಠ್ಮಂಡುವಿಗೋ ಹೋಗಿ ಬಂದ ಗೆಳೆಯರು ನನಗೆ ಫೋಟೋ ಕಳಿಸ್ತಾರೆ. ಬೆಳ್ಳಿ ಬಣ್ಣದ ಒರೆ, ಅದರ ಮೇಲೆ ಹವಳ, ನೀಲಿ ಕಲ್ಲು, ಡ್ರ್ಯಾಗನ್ ಕುಸುರಿ. ಅಂಗಡಿಯವನು ಇನ್ನೂರು ವರ್ಷ ಹಳೇದು ಅಂದಿರ್ತಾನೆ. ಹೌದಾ, ಅಂತ ಇವರ ಪ್ರಶ್ನೆ.

ಮೊದಲು ಒಂದು ಗೊಂದಲ ಬಿಡಿಸಿಬಿಡ್ತೀನಿ. ಮೂರು ಏಣಿನ, ಹಿಡಿಯ ತುದಿಯಲ್ಲಿ ಉಗ್ರ ಮುಖಗಳಿರುವ ಕಠಾರಿಯನ್ನು ಕೆಲವರು ಆಯುಧ ಅಂದ್ಕೊಂಡಿರ್ತಾರೆ. ಅದು ಫುರ್ಬಾ. ಸಂಸ್ಕೃತದಲ್ಲಿ ಕೀಲ, ನಮ್ಮ ಬಾಯಲ್ಲಿ ಕೀಲು, ಅಂದರೆ ಗೂಟ. ಪೂಜೆಯಲ್ಲಿ ವಿಘ್ನಗಳನ್ನು ನೆಲಕ್ಕೆ ಜಡಿಯೋದು ಅದರ ಕೆಲಸ, ತರಕಾರಿ ಹೆಚ್ಚೋಕೂ ಬರಲ್ಲ. ಅದರ ಕಥೆ ಬೇರೆ. ನಾನು ಹೇಳ್ತಿರೋದು ಜನ ಸೊಂಟಕ್ಕೆ ಸಿಕ್ಕಿಸಿಕೊಂಡು ಮಾಂಸ ಕೊಯ್ದು ತಿನ್ನುತ್ತಿದ್ದ ಚೂರಿಯ ಬಗ್ಗೆ.

ಎಲ್ಲರೂ ಒರೆಯನ್ನೇ ನೋಡ್ತಾರೆ. ಒರೆ ನಂಬಬೇಡಿ. ಕಲ್ಲು ಬಿದ್ದರೆ ಬೇರೆ ಕೂರಿಸಬಹುದು, ಹಳೇ ಅಲಗಿಗೆ ಹೊಸ ಒರೆ ಮಾಡಿಸಬಹುದು. ಅಲಗು ನೋಡಿ. ಟಿಬೆಟ್ಟಿನ ಒಳ್ಳೆಯ ಕತ್ತಿಗಳಲ್ಲಿ, ಕೆಲವು ಚೂರಿಗಳಲ್ಲೂ, ಕಮ್ಮಾರರು ಗಟ್ಟಿ ಮತ್ತು ಮೆದು ಕಬ್ಬಿಣದ ಸರಳುಗಳನ್ನು ಸೇರಿಸಿ, ಮಡಚಿ ಬಡಿಯುತ್ತಿದ್ದರು. ಹಾಗಾಗಿ ಅಲಗಿನುದ್ದಕ್ಕೂ ತೆಳು-ಗಾಢ ಗೆರೆಗಳು ಓಡಿ, ಮೊನೆಯ ಹತ್ತಿರ ಘಾಟಿ ರಸ್ತೆಯ ಹೇರ್‌ಪಿನ್ ತಿರುವಿನ ಥರ ತಿರುಗಿ ವಾಪಸ್ ಬರ್ತವೆ. 2006ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಡೊನಾಲ್ಡ್ ಲಾರೊಕ್ಕಾ ಏರ್ಪಡಿಸಿದ್ದ ಟಿಬೆಟ್ಟಿನ ಆಯುಧಗಳ ಪ್ರದರ್ಶನದಲ್ಲಿ ಇಂಥ ಅಲಗುಗಳಿದ್ದವು. ಕಾರ್ಖಾನೆಯ ಉಕ್ಕಿನ ಪಟ್ಟಿಯಲ್ಲಿ ಈ ಗೆರೆ ಇರಲ್ಲ.

ಆಮೇಲೆ ಸವೆತ. ವರ್ಷಗಟ್ಟಲೆ ಸಾಣೆ ಹಿಡಿದ ಅಲಗು ಸಣ್ಣಗಾಗಿ, ಒರೆಯ ಬಾಯಿಗೆ ಸಡಿಲವಾಗಿರುತ್ತೆ. ಹೆಬ್ಬೆರಳು ಕೂರುವಲ್ಲಿ ಹಿಡಿ ನುಣುಪಾಗಿರುತ್ತೆ, ಕುಸುರಿಯ ಸಂದಿಯಲ್ಲಿ ಕೊಳೆ ಹಾಗೇ ಉಳಿದಿರುತ್ತೆ. ಎಲ್ಲ ಕಡೆ ಸಮನಾಗಿ ಹಳೇದಾಗಿ ಕಾಣೋ ಚೂರಿ ಮೇಲೆ ನನಗೆ ಅನುಮಾನ.

ಇಷ್ಟರಿಂದ ಬಳಸಿದ್ದು, ಕೈಯಲ್ಲಿ ಮಾಡಿದ್ದು ಅಂತ ಹೇಳಬಹುದು. ಯಾವ ವರ್ಷದ್ದು? ಇಲ್ಲೇ ಕಷ್ಟ. ಮಾಡಿದವನು ಇಸವಿ ಕೆತ್ತಿರೋದು ಅಪರೂಪ, ಮಾಡುವ ರೀತಿಯೂ ತಲೆಮಾರುಗಟ್ಟಲೆ ಅಷ್ಟಾಗಿ ಬದಲಾಗಲಿಲ್ಲ. ಗಟ್ಟಿ ಆಧಾರ ಅಂದ್ರೆ ಮ್ಯೂಸಿಯಂ ಚೀಟಿ. 1888ರಿಂದ 1892ರ ನಡುವೆ ಎರಡು ಸಲ ಆ ಕಡೆ ತಿರುಗಾಡಿದ ಅಮೆರಿಕದ ವಿಲಿಯಂ ರಾಕ್‌ಹಿಲ್ ತಂದ ವಸ್ತುಗಳಿಗೆ ಚೀಟಿ ಇದೆ. 1904ರ ಯಂಗ್‌ಹಸ್ಬೆಂಡ್ ದಂಡಯಾತ್ರೆಯಲ್ಲಿ ಬ್ರಿಟಿಷರು ಹೊತ್ತೊಯ್ದ ವಸ್ತುಗಳಿಗೂ ಇದೆ. ಚೀಟಿಯಲ್ಲಿ 1904 ಅಂತಿದ್ದರೆ ಚೂರಿ ಅದಕ್ಕಿಂತ ಹೊಸದಲ್ಲ. ಉಳಿದವನ್ನು ಅದರ ಪಕ್ಕ ಇಟ್ಟು ಹೋಲಿಸಬೇಕು.

ಆ ವರ್ಷದ ಮಾರ್ಚ್ 31ರಂದು ಗುರು ಎಂಬ ಹಳ್ಳಿಯ ಬಳಿ, ಮ್ಯಾಕ್ಸಿಮ್ ಗನ್ನಿನ ಎದುರು ಬತ್ತಿಯ ಕೋವಿ, ಕತ್ತಿ ಹಿಡಿದು ನಿಂತ ಟಿಬೆಟನ್ನರು ನೂರಾರು ಸಂಖ್ಯೆಯಲ್ಲಿ ಸತ್ತರು. ನಾವು ಹಿಡಿದಿರುವ ಅಳತೆಗೋಲು ಅಂಥ ಯಾತ್ರೆಯ ಸಾಮಾನಿನ ಜೊತೆ ಬಂದದ್ದು.

ಇನ್ನೊಂದು ಕಡೆ, 1959ರ ನಂತರ ಗುಡ್ಡ ದಾಟಿ ಬಂದವರು. ಮೈಸೂರು ರಾಜ್ಯ ಜಾಗ ಕೊಟ್ಟು, ಅರವತ್ತರ ದಶಕದ ಶುರುವಿನಲ್ಲಿ ಅವರಲ್ಲಿ ಸಾವಿರಾರು ಜನ ಬೈಲಕುಪ್ಪೆಯಲ್ಲಿ ಕಾಡು ಕಡಿದು ಜೋಳ ಬಿತ್ತಿದರು. ಎಷ್ಟೋ ನಿರಾಶ್ರಿತರು ಮನೆಯ ಹವಳ, ಬೆಳ್ಳಿ ಮಾರಿ ಹೊಟ್ಟೆ ತುಂಬಿಸಿಕೊಂಡಿದ್ದರು. ಅಂಥ ಮನೆಯ ಚೂರಿಗೆ ಚೀಟಿ ಎಲ್ಲಿಂದ ಬರಬೇಕು? “ಅಜ್ಜನ ಅಜ್ಜಂದು” ಅನ್ನೋ ಮಾತಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಸಿಪಾಯಿಯ ಪೆಟ್ಟಿಗೆಯ ಚೀಟಿಗೆ ಇದೆ. ನನಗಂತೂ ಇದು ಸರಿ ಅನ್ನಿಸಲ್ಲ.

ಆದ್ದರಿಂದ ಫೋಟೋ ಕಳಿಸೋರಿಗೆ ನನ್ನ ಕೋರಿಕೆ: ಒರೆಯಿಂದ ಹೊರತೆಗೆದು ಅಲಗಿನ ಎರಡೂ ಬದಿ ತೋರಿಸಿ. ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಯಾರಿಂದ, ಯಾವ ಊರಲ್ಲಿ, ಯಾವಾಗ ಕೊಂಡಿರಿ, ಅವರ ಮನೆಗೆ ಅದು ಹೇಗೆ ಬಂತಂತೆ, ಅವರು ಹೇಳಿದ ಮಾತಲ್ಲೇ ಒಂದು ಚೀಟಿ ಬರೆದು ಚೂರಿಯ ಜೊತೆ ಇಡಿ.