ಇಸುಬು: ಚಿಕಿತ್ಸೆ ನಡೆದುಬಂದ ದಾರಿ

ಇಸುಬಿನ ಬಗ್ಗೆ ಈಚೆಗೆ ಬರುತ್ತಿರುವ ಲೇಖನಗಳನ್ನು ಓದಿದರೆ, 2017ರಲ್ಲಿ ಅಮೆರಿಕದಲ್ಲಿ ಡುಪಿಲುಮಾಬ್ ಇಂಜೆಕ್ಷನ್‌ಗೆ ಒಪ್ಪಿಗೆ ಸಿಗುವವರೆಗೆ ಈ ಕಾಯಿಲೆಗೆ ಮದ್ದೇ ಇರಲಿಲ್ಲವೇನೋ ಅನ್ನಿಸುತ್ತದೆ. ಅದು ದೊಡ್ಡ ಔಷಧಿಯೇ. ರಾತ್ರಿಯಿಡೀ ಕೆರೆದುಕೊಳ್ಳುತ್ತಿದ್ದವರಿಗೆ ನಿದ್ದೆ ಕೊಟ್ಟಿದೆ. ಆದರೆ ಅದರ ಬೆಲೆ ಎಲ್ಲರ ಕೈಗೆಟಕುವಂಥದ್ದಲ್ಲ. ನಮ್ಮ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಲ್ಲುವವರ ಬದುಕನ್ನು ಹಗುರ ಮಾಡಿದ ಕೆಲಸಗಳು ಬೇರೆಯೇ ಇವೆ, ಅವುಗಳ ಬಗ್ಗೆ ಬರೆಯುವವರು ಕಡಿಮೆ.

ಮೊದಲ ನೂರೈವತ್ತು ವರ್ಷಗಳನ್ನು ಬೇಗ ದಾಟಬಹುದು. ಲಂಡನ್ನಿನ ರಾಬರ್ಟ್ ವಿಲನ್ ಚರ್ಮರೋಗಗಳನ್ನು ಕಣ್ಣಿಗೆ ಕಾಣುವ ಗುರುತುಗಳ ಮೇಲೆ ವಿಂಗಡಿಸಿದರು. ವಿಯೆನ್ನಾದ ಹೆಬ್ರಾ, ಹೊರಗಿನ ವಸ್ತು ಕೆರಳಿಸಿದರೂ ಇಸುಬು ಏಳುತ್ತದೆಂದು ತೋರಿಸಿದರು. 1933ರಲ್ಲಿ ವೈಸ್ ಮತ್ತು ಸುಲ್ಜ್‌ಬರ್ಗರ್ 'ಅಟೋಪಿಕ್ ಡರ್ಮಟೈಟಿಸ್' ಎಂಬ ಹೆಸರಿಟ್ಟರು. ಅದೇ ಸುಲ್ಜ್‌ಬರ್ಗರ್ 1952ರಲ್ಲಿ ವಿಟನ್ ಜೊತೆಗೂಡಿ ಹೈಡ್ರೋಕಾರ್ಟಿಸೋನ್ ಮುಲಾಮಿನ ಫಲವನ್ನು ವರದಿ ಮಾಡಿದಾಗ, ಇಸುಬಿಗೆ ಟಾರು ಬಳಿಯುವ ಕಾಲ ಹಿಂದೆ ಸರಿಯತೊಡಗಿತು.

ಸ್ಟೀರಾಯ್ಡ್ ಮುಲಾಮಿನ ಕಥೆ ನಮ್ಮಲ್ಲಿ ಕೆಟ್ಟ ತಿರುವು ಪಡೆಯಿತು. ಸ್ಟೀರಾಯ್ಡ್, ಫಂಗಸ್ ಮದ್ದು, ಆಂಟಿಬಯಾಟಿಕ್ ಮೂರನ್ನೂ ಬೆರೆಸಿದ ಟ್ಯೂಬುಗಳು ಚೀಟಿಯಿಲ್ಲದೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತಿದ್ದವು. ಇಸುಬಿಗೂ ಅದೇ, ಹುಳುಕಡ್ಡಿಗೂ ಅದೇ, ಮುಖ ಬೆಳ್ಳಗಾಗಲಿಕ್ಕೂ ಅದೇ. ಚರ್ಮತಜ್ಞರ ಸಂಘ ವರ್ಷಗಟ್ಟಲೆ ಕೂಗಿದ ಮೇಲೆ 2018ರಲ್ಲಿ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕೆಂಬ ಆದೇಶ ಬಂತು. ಈಗ ಇನ್ನೊಂದು ಅತಿ ಶುರುವಾಗಿದೆ. ಸ್ಟೀರಾಯ್ಡ್ ಎಂಬ ಹೆಸರು ಕೇಳಿದರೆ ಸಾಕು, ತಾಯಂದಿರು ಮಗುವಿನ ಮೊಣಕೈ ಮಡಿಕೆ ರಕ್ತ ಒಸರುತ್ತಿದ್ದರೂ ಮುಲಾಮು ಮುಟ್ಟುವುದಿಲ್ಲ. 1991ರಲ್ಲಿ ಲಾಂಗ್ ಮತ್ತು ಫಿನ್ಲೆ ಕೊಟ್ಟ ಅಳತೆ ಈ ಎರಡು ತಪ್ಪಿಗೂ ಉತ್ತರ: ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ, ಅದು ಬೆರಳುಗಳೂ ಸೇರಿದಂತೆ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಇದನ್ನು ಬೆರಳು ಹಿಡಿದು ತೋರಿಸಿಕೊಡಲು ಒಂದು ನಿಮಿಷ ಬೇಕು. ಚೀಟಿ ಬರೆಯುವ ನಾವು ಆ ನಿಮಿಷ ಕೊಡಲೇಬೇಕು.

2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ತಂಡ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್ ದೋಷಕ್ಕೂ ಇಸುಬಿಗೂ ನಂಟಿದೆಯೆಂದು ತೋರಿಸಿತು. ತೇವ ಹಿಡಿದಿಡುವ ಹೊರಪದರವೇ ಸೋರುತ್ತದೆಂದು ಸ್ಪಷ್ಟವಾದ ಮೇಲೆ ಮಾಯಿಶ್ಚರೈಸರ್ ಚಿಕಿತ್ಸೆಯ ಬುಡವೇ ಆಯಿತು. ಯಾವುದು ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ. ಬ್ರಿಟನ್ನಿನಲ್ಲಿ 550 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲೋಷನ್, ಕ್ರೀಮ್, ಜೆಲ್, ಮುಲಾಮು ನಾಲ್ಕೂ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟವು. ಮಗು ಹಚ್ಚಿಸಿಕೊಳ್ಳಲು ಒಪ್ಪುವಂಥದ್ದು, ಮನೆಯವರ ಜೇಬಿಗೆ ಭಾರವಾಗದಂಥದ್ದು ಯಾವುದೋ ಅದೇ ಒಳ್ಳೆಯದು. ಸೌಮ್ಯ ಇಸುಬಿರುವ ಮಕ್ಕಳಿಗೆ ಕೊಬ್ಬರಿ ಎಣ್ಣೆಯೂ ಆಗುತ್ತದೆ. ಸ್ನಾನವಾಗಿ ಮೈ ಇನ್ನೂ ಹಸಿಯಿರುವಾಗಲೇ ಸವರಬೇಕು.

ನಮ್ಮ ದೇಶದ ನಿಜವಾದ ಕೊಡುಗೆ ಇರುವುದು ಸಂಪರ್ಕದಿಂದ ಬರುವ ಇಸುಬಿನ ಅಧ್ಯಯನದಲ್ಲಿ. ಯಾವ ವಸ್ತು ಒಗ್ಗುವುದಿಲ್ಲವೆಂದು ಹುಡುಕುವ ಪ್ಯಾಚ್ ಟೆಸ್ಟನ್ನು ಯಾಡಾಸೋನ್ 1895ರಲ್ಲೇ ಮಂಡಿಸಿದ್ದರು. ಅದನ್ನು ಇಲ್ಲಿನ ಬಳೆ, ಬಿಂದಿ, ಚಪ್ಪಲಿ, ಸಿಮೆಂಟು, ಬೆಳ್ಳುಳ್ಳಿಗೆ ಹೊಂದಿಸಿದವರಲ್ಲಿ ದೆಹಲಿಯ ಏಮ್ಸ್‌ನ ಜೆ.ಎಸ್. ಪಸ್ರೀಚಾ ಮುಖ್ಯರು. ನನ್ನ ತಲೆಮಾರಿನವರು ಇಸುಬನ್ನು ನೋಡಲು ಕಲಿತದ್ದು ಈ ಪರಂಪರೆಯಿಂದ.

ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, 1950ರ ದಶಕದಲ್ಲಿ ಪುಣೆಯ ಸುತ್ತ ಕಣ್ಣಿಗೆ ಬಿದ್ದು ಬಯಲುಸೀಮೆಯನ್ನೆಲ್ಲ ಹಬ್ಬಿತು. ಅದರಿಂದ ಇಸುಬಾದ ರೈತನನ್ನು ಬೆಳಕಿಗೆ ನಿಲ್ಲಿಸಿ ನೋಡಬೇಕು. ರೆಪ್ಪೆ ದಪ್ಪಗಾಗಿ ಕಣ್ಣು ಅರ್ಧ ಮುಚ್ಚಿರುತ್ತದೆ, ಕತ್ತಿನ ಮಡಿಕೆಗಳು ಒರಟಾಗಿ ಕಪ್ಪಿಟ್ಟಿರುತ್ತವೆ, ಮೊಣಕೈ ಒಳಭಾಗ ಬಿರಿದಿರುತ್ತದೆ. ಬಿಸಿಲಿನ ಅಲರ್ಜಿಯೆಂದು ಸುಮಾರು ಕಡೆ ಹೇಳಿ ಕಳಿಸಿರುತ್ತಾರೆ. ಆದರೆ ಬಿಸಿಲೊಂದೇ ಕಾರಣವಾದರೆ ನೆರಳಲ್ಲಿರುವ ರೆಪ್ಪೆ, ಕಿವಿಯ ಹಿಂಭಾಗ, ಗದ್ದದ ಕೆಳಭಾಗ ಉಳಿಯುತ್ತವೆ. ಗಾಳಿಯಲ್ಲಿ ತೇಲಿಬರುವ ಗಿಡದ ಪುಡಿ ಅಲ್ಲಿಯೂ ಕೂರುತ್ತದೆ. ಕಾರಣ ಗೊತ್ತಾದರೆ ದಾರಿ ಇದೆ: ಬದುವಿನ ಗಿಡವನ್ನು ಹೂ ಬಿಡುವ ಮುಂಚೆ ಬೇರೆಯವರಿಂದ ಕೀಳಿಸುವುದು, ಹೊಲದಿಂದ ಬಂದೊಡನೆ ಮೈತೊಳೆದು ಬಟ್ಟೆ ಬದಲಿಸುವುದು, ತೀವ್ರವಾದರೆ ರಕ್ತಪರೀಕ್ಷೆ ಮಾಡುತ್ತ ಅಜಥಯೋಪ್ರಿನ್ ಮಾತ್ರೆ. ಈ ಅಗ್ಗದ ಮಾತ್ರೆಯನ್ನು ಈ ಕಾಯಿಲೆಗೆ ಪಳಗಿಸಿದ್ದೂ ಏಮ್ಸ್‌ನವರೇ. ಗಿಡ ತಿನ್ನಿಸಲು ಮೆಕ್ಸಿಕೋ ದುಂಬಿಯನ್ನು 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟರು. ಅದು ನೆಲೆನಿಂತಿತು, ಆದರೆ ಗಿಡ ಹೋಗಿಲ್ಲ.

ಉಳಿದ ಕೊರತೆಗಳಲ್ಲಿ ಒಂದು, ನಾವು ಓದಿದ ಪುಸ್ತಕಗಳ ಚಿತ್ರಗಳೆಲ್ಲ ಬಿಳಿಯರ ಚರ್ಮದವು. ಕಂದು ಮೈಮೇಲೆ ಇಸುಬು ಕೆಂಪಾಗಿ ಕಾಣದೆ ಬೂದು, ನೇರಳೆ, ಕಪ್ಪು ಛಾಯೆಯಲ್ಲಿ ಏಳುವುದರಿಂದ ಎಳೆಯ ವೈದ್ಯರು ತೀವ್ರತೆಯನ್ನು ಕಡಿಮೆ ಅಂದಾಜಿಸುತ್ತಾರೆ. ಇದಕ್ಕಿಂತ ದೊಡ್ಡ ಕೊರತೆ ಪ್ಯಾಚ್ ಟೆಸ್ಟಿನದು. ಬೆನ್ನಿಗೆ ಅಂಟಿಸಿ, 48 ಗಂಟೆ ಬಿಟ್ಟು ತೆಗೆದು, ಇನ್ನೊಂದೆರಡು ದಿನಕ್ಕೆ ಮತ್ತೆ ಓದಬೇಕು. ಯಂತ್ರ ಬೇಡ, ಅಲರ್ಜಿ ವಸ್ತುಗಳನ್ನಿಡಲು ಒಂದು ಫ್ರಿಜ್ ಸಾಕು. ಆದರೂ ಊರಿನ ಗಾರೆ ಕೆಲಸದವ ಈ ಪರೀಕ್ಷೆಗಾಗಿ ದೊಡ್ಡ ನಗರಕ್ಕೆ ಹೋಗಿ, ಕೂಲಿ ಬಿಟ್ಟು, ಮೂರು ಸಲ ತಿರುಗಬೇಕು. ಅವನು ಹೋಗುವುದಿಲ್ಲ, ಕೈ ಬಿರಿದಷ್ಟು ದಿನವೂ ಮುಲಾಮು ಕೊಳ್ಳುತ್ತಾನೆ. ರಾಜ್ಯದ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಪ್ರತಿ ವಾರ ಪ್ಯಾಚ್ ಟೆಸ್ಟ್ ನಡೆಯುವಂತೆ ಆರೋಗ್ಯ ಇಲಾಖೆ ವ್ಯವಸ್ಥೆ ಮಾಡಬೇಕು.