ಕೈಗಾರಿಕಾ ವಿನ್ಯಾಸ ಶಿಕ್ಷಣದಲ್ಲಿ ವ್ಯವಹಾರ ಮಾದರಿ

ಕೈಗಾರಿಕಾ ವಿನ್ಯಾಸದ ವಿದ್ಯಾರ್ಥಿಗಳಿಗೆ ವ್ಯವಹಾರ ಮಾದರಿಯನ್ನು (ಬಿಸಿನೆಸ್ ಮಾಡೆಲ್) ರೂಪಿಸಲು ಕಲಿಸುವುದು ವಿನ್ಯಾಸ ಶಿಕ್ಷಣದ ಒಂದು ಶಾಖೆಯಾಗಿದೆ. ಉತ್ಪನ್ನದ ಆಕಾರ, ವಸ್ತು ಮತ್ತು ಬಳಕೆಯ ಜೊತೆಗೆ ಅದನ್ನು ಯಾರು ತಯಾರಿಸುತ್ತಾರೆ, ಅದು ಬಳಕೆದಾರರನ್ನು ಹೇಗೆ ತಲುಪುತ್ತದೆ, ಅದಕ್ಕೆ ಯಾರು ಯಾವಾಗ ಹಣ ಕೊಡುತ್ತಾರೆ, ಕೆಟ್ಟಾಗ ಯಾರು ದುರಸ್ತಿ ಮಾಡುತ್ತಾರೆ ಎಂಬ ಏರ್ಪಾಡನ್ನೂ ವಿನ್ಯಾಸದ ಭಾಗವಾಗಿ ಕಲಿಸುವುದು ಇದರ ಉದ್ದೇಶ. ವಾಣಿಜ್ಯ ಶಿಕ್ಷಣದಲ್ಲಿ ವ್ಯವಹಾರ ಮಾದರಿಯನ್ನು ಸಂಸ್ಥೆಯ ಲಾಭದ ದೃಷ್ಟಿಯಿಂದ ನೋಡುವುದು ವಾಡಿಕೆ. ವಿನ್ಯಾಸ ಶಿಕ್ಷಣದಲ್ಲಿ ಅದನ್ನು ವಸ್ತುವಿನ ರೂಪವನ್ನೇ ಬದಲಿಸಬಲ್ಲ ಅಂಶವೆಂದು ಪರಿಗಣಿಸಲಾಗುತ್ತದೆ.

ಪರಿಕಲ್ಪನೆ

ಒಂದು ಸಂಸ್ಥೆ ಯಾರಿಗಾಗಿ ಏನನ್ನು ಒದಗಿಸುತ್ತದೆ, ಹೇಗೆ ಒದಗಿಸುತ್ತದೆ ಮತ್ತು ಅದರ ವೆಚ್ಚವನ್ನು ಹೇಗೆ ಭರಿಸಿಕೊಳ್ಳುತ್ತದೆ ಎಂಬುದರ ವಿವರಣೆಯೇ ವ್ಯವಹಾರ ಮಾದರಿ. ಇದಕ್ಕೆ ಲಾಭ ಗಳಿಕೆಯೇ ಗುರಿಯಾಗಿರಬೇಕೆಂದಿಲ್ಲ. ಜೈಪುರದ ಕೃತಕ ಕಾಲನ್ನು 1975ರಿಂದ ಉಚಿತವಾಗಿ ಅಳವಡಿಸುತ್ತ ಬಂದಿರುವ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯು ಬಳಕೆದಾರರಿಂದ ಹಣ ಪಡೆಯುವುದಿಲ್ಲ. ಆದರೂ ಅಗ್ಗದ ಸಾಮಗ್ರಿ, ಬೇಗನೆ ಮುಗಿಯುವ ಅಳವಡಿಕೆ, ದಾನ ಮತ್ತು ಅನುದಾನಗಳು ಸೇರಿ ಅಲ್ಲಿಯೂ ಒಂದು ಮಾದರಿ ಇದೆ.

ವಿನ್ಯಾಸದ ವಿದ್ಯಾರ್ಥಿಗೆ ಇದು ಮುಖ್ಯವಾಗಲು ಕಾರಣ, ಹಣದ ಏರ್ಪಾಡು ಬದಲಾದಂತೆ ಒಳ್ಳೆಯ ವಿನ್ಯಾಸದ ಅರ್ಥವೂ ಬದಲಾಗುತ್ತದೆ ಎಂಬುದು. ಒಮ್ಮೆಗೇ ಮಾರಿ ಮುಗಿಸುವ ವಸ್ತುವಿನಲ್ಲಿ ತಯಾರಿಕಾ ವೆಚ್ಚ ತಗ್ಗಿಸುವುದಕ್ಕೆ ಆದ್ಯತೆ ದೊರೆಯುತ್ತದೆ. ಬಾಡಿಗೆಗೆ ಕೊಡುವ ವಸ್ತುವಿನಲ್ಲಿ ಬಾಳಿಕೆ, ಸುಲಭವಾಗಿ ಬಿಚ್ಚಿ ಜೋಡಿಸುವ ಅನುಕೂಲ ಮತ್ತು ಬಿಡಿಭಾಗಗಳ ಲಭ್ಯತೆ ಮುಂದೆ ಬರುತ್ತವೆ.

ಇತಿಹಾಸ

ವಸ್ತುವಿನ ಆರ್ಥಿಕ ಬದುಕನ್ನು ವಿನ್ಯಾಸದೊಳಗೆ ಸೇರಿಸುವ ಆಲೋಚನೆ ಭಾರತೀಯ ವಿನ್ಯಾಸ ಶಿಕ್ಷಣದ ಆರಂಭದಲ್ಲಿಯೇ ಕಂಡುಬರುತ್ತದೆ. ಭಾರತ ಸರ್ಕಾರದ ಆಹ್ವಾನದ ಮೇರೆಗೆ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ 'ಇಂಡಿಯಾ ರಿಪೋರ್ಟ್' ಎಂಬ ವರದಿಯನ್ನು ಸಿದ್ಧಪಡಿಸಿದರು. ಇದರ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್ಐಡಿ) ಆರಂಭವಾಯಿತು. ನೀರಿನ ಚೊಂಬನ್ನು ತಾವು ಕಂಡ ಅತ್ಯಂತ ಸುಂದರ ವಸ್ತುಗಳಲ್ಲಿ ಒಂದೆಂದು ಪರಿಗಣಿಸಿದ ಅವರು, ಅದರ ವಿನ್ಯಾಸದಲ್ಲಿ ಅಡಗಿರುವ ಅಂಶಗಳನ್ನು ಪಟ್ಟಿ ಮಾಡಿದ್ದಾರೆ. ಹಿಡಿತ, ತೂಕ, ಸುರಿಯುವ ರೀತಿ ಮತ್ತು ನಾದದ ಜೊತೆಗೆ ತಯಾರಿಕೆಯ ವೆಚ್ಚ, ಒಟ್ಟು ಸೇವಾವಧಿಯ ವೆಚ್ಚ ಮತ್ತು ಹಳೆಯದಾದ ಮೇಲೆ ಲೋಹಕ್ಕೆ ಉಳಿಯುವ ಬೆಲೆಯೂ ಆ ಪಟ್ಟಿಯಲ್ಲಿವೆ.

ಆದರೆ ನಂತರದ ದಶಕಗಳಲ್ಲಿ ಹೆಚ್ಚಿನ ವಿನ್ಯಾಸ ಶಾಲೆಗಳಲ್ಲಿ ರೂಪ, ದಕ್ಷತಾಶಾಸ್ತ್ರ ಮತ್ತು ತಯಾರಿಕಾ ತಂತ್ರಗಳೇ ಪಠ್ಯದ ಕೇಂದ್ರವಾಗಿದ್ದವು. ಬೆಲೆ ಮತ್ತು ಮಾರಾಟವನ್ನು ಉದ್ಯೋಗದಾತ ಸಂಸ್ಥೆಯ ಜವಾಬ್ದಾರಿಯೆಂದು ಭಾವಿಸಲಾಗುತ್ತಿತ್ತು. 1975ರಲ್ಲಿ ಬೋಸ್ಟನ್‌ನಲ್ಲಿ ಸ್ಥಾಪನೆಯಾದ ಡಿಸೈನ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ವಿನ್ಯಾಸ ಮತ್ತು ನಿರ್ವಹಣೆಯನ್ನು ಒಂದೆಡೆ ತರುವ ಆರಂಭಿಕ ಪ್ರಯತ್ನಗಳಲ್ಲಿ ಒಂದು.

ಅಲೆಕ್ಸಾಂಡರ್ ಓಸ್ಟರ್‌ವಾಲ್ಡರ್ ಅವರು ಸ್ವಿಟ್ಜರ್ಲೆಂಡ್‌ನ ಲೋಸಾನ್ ವಿಶ್ವವಿದ್ಯಾಲಯದಲ್ಲಿ ಈವ್ ಪಿನ್ಯರ್ ಅವರ ಮಾರ್ಗದರ್ಶನದಲ್ಲಿ ವ್ಯವಹಾರ ಮಾದರಿಯ ಘಟಕಗಳನ್ನು ಕುರಿತು ಸಂಶೋಧನೆ ನಡೆಸಿ, 2004ರಲ್ಲಿ ಮಹಾಪ್ರಬಂಧ ಸಲ್ಲಿಸಿದರು. ಇಬ್ಬರೂ ಸೇರಿ ಹೊರತಂದ 'ಬಿಸಿನೆಸ್ ಮಾಡೆಲ್ ಜನರೇಶನ್' ಪುಸ್ತಕವು 2010ರಲ್ಲಿ ವ್ಯಾಪಕವಾಗಿ ಪ್ರಕಟವಾಯಿತು. ಇಡೀ ಮಾದರಿಯನ್ನು ಒಂದೇ ಹಾಳೆಯಲ್ಲಿ ಚಿತ್ರಿಸುವ ಈ ಪುಸ್ತಕದ ಕ್ರಮವು ರೇಖಾಚಿತ್ರಗಳಿಗೆ ಒಗ್ಗಿದ್ದ ವಿನ್ಯಾಸ ಶಾಲೆಗಳಿಗೆ ಹೊಂದಿಕೆಯಾಯಿತು. 2015ರಲ್ಲಿ ದಕ್ಷಿಣ ಕೊರಿಯಾದ ಗ್ವಾಂಗ್ಜುನಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ವಿನ್ಯಾಸ ಸಂಘಟನೆಯು (ಈಗಿನ ವರ್ಲ್ಡ್ ಡಿಸೈನ್ ಆರ್ಗನೈಸೇಶನ್) ಕೈಗಾರಿಕಾ ವಿನ್ಯಾಸದ ಹೊಸ ವ್ಯಾಖ್ಯೆಯನ್ನು ಅಂಗೀಕರಿಸಿತು. ಅದರಲ್ಲಿ ಉತ್ಪನ್ನದ ಜೊತೆಗೆ ವ್ಯವಸ್ಥೆ, ಸೇವೆ ಮತ್ತು ವ್ಯವಹಾರದ ಯಶಸ್ಸು ಕೂಡ ಸೇರಿವೆ.

ಬೋಧನಾ ಸಾಧನಗಳು

ಬಿಸಿನೆಸ್ ಮಾಡೆಲ್ ಕ್ಯಾನ್ವಾಸ್ ಹೆಚ್ಚು ಬಳಕೆಯಲ್ಲಿರುವ ಸಾಧನ. ಅದರಲ್ಲಿ 9 ಅಂಕಣಗಳಿವೆ:

1. ಗ್ರಾಹಕ ವರ್ಗಗಳು
2. ಗ್ರಾಹಕರಿಗೆ ಒದಗಿಸುವ ಮೌಲ್ಯ
3. ತಲುಪಿಸುವ ಮಾರ್ಗಗಳು
4. ಗ್ರಾಹಕರೊಂದಿಗಿನ ಸಂಬಂಧ
5. ಆದಾಯದ ಮೂಲಗಳು
6. ಮುಖ್ಯ ಸಂಪನ್ಮೂಲಗಳು
7. ಮುಖ್ಯ ಚಟುವಟಿಕೆಗಳು
8. ಮುಖ್ಯ ಪಾಲುದಾರರು
9. ವೆಚ್ಚದ ಸ್ವರೂಪ

ಇದರಿಂದ ಪ್ರೇರಿತರಾಗಿ ಆಶ್ ಮೌರ್ಯ ಅವರು ರೂಪಿಸಿದ ಲೀನ್ ಕ್ಯಾನ್ವಾಸ್, ಪಾಲುದಾರರು ಮತ್ತು ಸಂಪನ್ಮೂಲಗಳಂತಹ ಅಂಕಣಗಳ ಬದಲಿಗೆ ಸಮಸ್ಯೆ, ಪರಿಹಾರ ಮೊದಲಾದವನ್ನು ಇರಿಸಿಕೊಂಡಿದೆ. ಬಳಕೆದಾರರ ಪಯಣದ ನಕ್ಷೆ, ಹಣ ಮತ್ತು ಸರಕು ಯಾರಿಂದ ಯಾರಿಗೆ ಸಾಗುತ್ತದೆ ಎಂಬುದನ್ನು ತೋರಿಸುವ ಪಾಲುದಾರರ ನಕ್ಷೆ ಮತ್ತು ಒಂದು ಘಟಕದ ಆದಾಯ-ವೆಚ್ಚದ ಲೆಕ್ಕ ಇತರ ಸಾಧನಗಳಾಗಿವೆ.

ಸ್ಟುಡಿಯೊದಲ್ಲಿ ಬೋಧನೆ

ವಿನ್ಯಾಸ ಶಿಕ್ಷಣವು ಮುಖ್ಯವಾಗಿ ಸ್ಟುಡಿಯೊದಲ್ಲಿ, ಕೆಲಸ ಮಾಡುತ್ತ ಕಲಿಯುವ ಕ್ರಮದಲ್ಲಿ ನಡೆಯುತ್ತದೆ. ವ್ಯವಹಾರ ಮಾದರಿಯನ್ನು ಉಪನ್ಯಾಸದ ಪ್ರತ್ಯೇಕ ವಿಷಯವಾಗಿ ಕಲಿಸಿದರೆ, ವಿದ್ಯಾರ್ಥಿಗಳು ಉತ್ಪನ್ನವನ್ನು ಮುಗಿಸಿದ ಮೇಲೆ ಕ್ಯಾನ್ವಾಸನ್ನು ಅರ್ಜಿಯ ನಮೂನೆಯಂತೆ ತುಂಬುವ ಸಾಧ್ಯತೆ ಇರುತ್ತದೆ. ಇದನ್ನು ತಪ್ಪಿಸಲು ಎರಡನ್ನೂ ಜೊತೆಜೊತೆಗೇ ಬೆಳೆಸುವ ಕ್ರಮವನ್ನು ಅನುಸರಿಸಲಾಗುತ್ತದೆ. ಒಂದೇ ಉತ್ಪನ್ನಕ್ಕೆ ಮಾರಾಟ, ಬಾಡಿಗೆ, ಕಂತು, ಸಾಮೂಹಿಕ ಒಡೆತನ ಮುಂತಾದ ಹಲವು ಏರ್ಪಾಡುಗಳನ್ನು ಕಲ್ಪಿಸಿ, ಪ್ರತಿಯೊಂದರಲ್ಲಿಯೂ ವಸ್ತುವನ್ನು ಮತ್ತೆ ಚಿತ್ರಿಸುವುದು ಸಾಮಾನ್ಯ ಅಭ್ಯಾಸ. ಬಳಿಕ ಮಾದರಿಯ ಹಿಂದಿರುವ ಊಹೆಗಳನ್ನು ಗುರುತಿಸಿ, ತಪ್ಪಾದರೆ ಇಡೀ ಯೋಜನೆಯನ್ನೇ ಕೆಡವಬಲ್ಲ ಊಹೆಯನ್ನು ಮೊದಲು ಕ್ಷೇತ್ರದಲ್ಲಿ ಪರೀಕ್ಷಿಸಲಾಗುತ್ತದೆ.

ಲೆಕ್ಕದ ಅಭ್ಯಾಸಕ್ಕೆ ಒಂದು ಕಾಲ್ಪನಿಕ ಉದಾಹರಣೆ: ಬೀದಿ ವ್ಯಾಪಾರಿಗಳಿಗೆ ಬಾಡಿಗೆಗೆ ಕೊಡುವ ದೀಪವೊಂದರ ವೆಚ್ಚ ₹1,800, ದಿನದ ಬಾಡಿಗೆ ₹10 ಎಂದುಕೊಳ್ಳಬಹುದು. ಚಾರ್ಜ್ ಮಾಡಿ ತಲುಪಿಸುವ ಕೆಲಸಕ್ಕೆ ದಿನಕ್ಕೆ ₹5 ಖರ್ಚಾದರೆ ₹5 ಉಳಿಯುತ್ತದೆ. ಹಾಕಿದ ಹಣ ಮರಳಲು 360 ದಿನಗಳು ಬೇಕು. ಬ್ಯಾಟರಿ 240ನೇ ದಿನಕ್ಕೆ ಕೆಟ್ಟು, ಮುಚ್ಚಳವನ್ನು ಅಂಟಿನಿಂದ ಮುಚ್ಚಿದ್ದರಿಂದ ಇಡೀ ದೀಪವನ್ನೇ ಎಸೆಯಬೇಕಾದರೆ ₹600 ನಷ್ಟವಾಗುತ್ತದೆ. ಮುಚ್ಚಳಕ್ಕೆ ತಿರುಪು ಹಾಕಿದ್ದು, ₹300ರ ಹೊಸ ಬ್ಯಾಟರಿಯನ್ನು ಅಲ್ಲೇ ಬದಲಿಸಲು ಬರುವಂತಿದ್ದರೆ ಹಣ ಮರಳುವ ಅವಧಿ 60 ದಿನ ಹೆಚ್ಚಿ 420 ದಿನಗಳಾಗುತ್ತದೆ, ಆದರೆ ದೀಪ ಬಳಕೆಯಲ್ಲಿ ಉಳಿಯುತ್ತದೆ. ಅಂಟು ಅಥವಾ ತಿರುಪಿನ ಆಯ್ಕೆ ಇಲ್ಲಿ ಬಾಡಿಗೆ ವ್ಯವಹಾರದ ಅಳಿವು-ಉಳಿವನ್ನು ನಿರ್ಧರಿಸುತ್ತದೆ.

ಅಧ್ಯಯನಕ್ಕೆ ಬಳಸಬಹುದಾದ ಪ್ರಕರಣಗಳು

ಜೆರಾಕ್ಸ್ 914: ಅಮೆರಿಕದ ಹ್ಯಾಲಾಯ್ಡ್ ಜೆರಾಕ್ಸ್ ಕಂಪನಿ 1959ರಲ್ಲಿ ಈ ನಕಲು ಯಂತ್ರವನ್ನು ಬಿಡುಗಡೆ ಮಾಡಿತು. ಅಂದಿನ ಇತರ ಕಚೇರಿ ಯಂತ್ರಗಳಿಗೆ ಹೋಲಿಸಿದರೆ ಇದು ಬಹಳ ದುಬಾರಿಯಾಗಿದ್ದುದರಿಂದ, ಮಾರಾಟದ ಬದಲು ತಿಂಗಳಿಗೆ 95 ಡಾಲರ್ ಬಾಡಿಗೆಗೆ ಕೊಡಲಾಯಿತು. ಅದರಲ್ಲಿ 2,000 ಪ್ರತಿಗಳು ಸೇರಿದ್ದವು. ಅದಕ್ಕೂ ಹೆಚ್ಚಿನ ಪ್ರತಿಯೊಂದಕ್ಕೆ 4 ಸೆಂಟ್ ಶುಲ್ಕವಿತ್ತು. ಪ್ರತಿಗಳನ್ನು ಎಣಿಸುವ ಮೀಟರ್ ಯಂತ್ರದ ಅಗತ್ಯ ಅಂಗವಾಯಿತು. ಹೆನ್ರಿ ಚೆಸ್‌ಬ್ರೊ ಮತ್ತು ರಿಚರ್ಡ್ ರೋಸೆನ್‌ಬ್ಲೂಮ್ ಅವರು 2002ರ ತಮ್ಮ ಪ್ರಬಂಧದಲ್ಲಿ ತಂತ್ರಜ್ಞಾನದ ಬೆಲೆಯನ್ನು ವ್ಯವಹಾರ ಮಾದರಿ ಹೇಗೆ ಹೊರತರುತ್ತದೆ ಎಂಬುದಕ್ಕೆ ಇದನ್ನು ಉದಾಹರಿಸಿದ್ದಾರೆ.

ಸೆಲ್ಕೊ: ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಅವರು 1995ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಈ ಸಂಸ್ಥೆ ಕರ್ನಾಟಕದ ಗ್ರಾಮೀಣ ಮನೆಗಳಿಗೆ ಸೌರದೀಪಗಳನ್ನು ಒದಗಿಸಿತು. ಬಡ ಕುಟುಂಬಗಳು ಒಮ್ಮೆಗೇ ಹಣ ಹೊಂದಿಸಲಾರವು ಎಂಬ ಕಾರಣಕ್ಕೆ ಗ್ರಾಮೀಣ ಬ್ಯಾಂಕ್ ಮತ್ತು ಸಹಕಾರ ಸಂಘಗಳ ಸಾಲ, ಆದಾಯದ ಕಾಲಕ್ಕೆ ಹೊಂದುವ ಕಂತು, ಮನೆಬಾಗಿಲಿನ ದುರಸ್ತಿ ಸೇವೆ ಇವನ್ನು ಉತ್ಪನ್ನದೊಂದಿಗೆ ಬೆಸೆಯಲಾಯಿತು. ದಿನಗಳಿಕೆಯ ಬೀದಿ ವ್ಯಾಪಾರಿಗಳಿಗೆ, ಸ್ಥಳೀಯ ಉದ್ಯಮಿಯೊಬ್ಬರು ಬ್ಯಾಟರಿಗಳನ್ನು ಚಾರ್ಜ್ ಮಾಡಿ ಸಂಜೆ ಬಾಡಿಗೆಗೆ ಕೊಡುವ ಏರ್ಪಾಡನ್ನೂ ರೂಪಿಸಲಾಯಿತು. ಹಂದೆ ಅವರಿಗೆ 2011ರಲ್ಲಿ ರಾಮನ್ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು.

ಎಂಬ್ರೇಸ್: ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 'ಡಿಸೈನ್ ಫಾರ್ ಎಕ್ಸ್‌ಟ್ರೀಮ್ ಅಫೋರ್ಡಬಿಲಿಟಿ' ತರಗತಿಯಲ್ಲಿ 2007ರಲ್ಲಿ ವಿದ್ಯಾರ್ಥಿಗಳ ತಂಡವೊಂದಕ್ಕೆ ಅಗ್ಗದ ಇನ್‌ಕ್ಯುಬೇಟರ್ ರೂಪಿಸುವ ಕೆಲಸ ಕೊಡಲಾಯಿತು. ಅವಧಿಗೆ ಮುನ್ನ ಜನಿಸಿದ ಅನೇಕ ಶಿಶುಗಳು ಆಸ್ಪತ್ರೆಯಿಂದ ದೂರದ ಹಳ್ಳಿಗಳಲ್ಲಿರುವುದನ್ನು ತಂಡವು ನೇಪಾಳದ ಭೇಟಿಯಲ್ಲಿ ಕಂಡುಕೊಂಡಿತು. ಹೀಗಾಗಿ ಅಗ್ಗದ ಆಸ್ಪತ್ರೆ ಯಂತ್ರದ ಬದಲು, ಸತತ ವಿದ್ಯುತ್ ಬೇಡದೆ ಮೇಣದಂತಹ ವಸ್ತುವಿನಿಂದ ಮಗುವನ್ನು ಬೆಚ್ಚಗಿಡುವ ಚೀಲ ರೂಪುಗೊಂಡಿತು. ಅದನ್ನು ಜನರಿಗೆ ತಲುಪಿಸುವ ಸಲುವಾಗಿ ತಂಡ ಬೆಂಗಳೂರಿಗೆ ಬಂದು ನೆಲೆಸಿತು. ಮುಂದೆ ದಾನದಿಂದ ವಿತರಿಸುವ ಲಾಭರಹಿತ ಸಂಸ್ಥೆ ಮತ್ತು ಉತ್ಪನ್ನವನ್ನು ಮಾರುವ ಕಂಪನಿ ಪ್ರತ್ಯೇಕಗೊಂಡವು.

ಪ್ಲೇಪಂಪ್: ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ ಈ ಸಾಧನದಲ್ಲಿ ಮಕ್ಕಳು ತಿರುಗುಣಿಯ ಮೇಲೆ ಆಡಿದಂತೆ ನೀರು ಮೇಲೆತ್ತಲ್ಪಡುತ್ತದೆ. ನೀರಿನ ತೊಟ್ಟಿಯ ಸುತ್ತ ಹಾಕುವ ಜಾಹೀರಾತುಗಳ ಆದಾಯದಿಂದ ನಿರ್ವಹಣೆ ನಡೆಯಬೇಕಿತ್ತು. ಅನೇಕ ಹಳ್ಳಿಗಳಲ್ಲಿ ಜಾಹೀರಾತು ದೊರೆಯಲಿಲ್ಲ, ಕೆಟ್ಟ ಪಂಪುಗಳ ದುರಸ್ತಿ ತಡವಾಯಿತು, ಮಕ್ಕಳಿಲ್ಲದ ಹೊತ್ತಿನಲ್ಲಿ ಮಹಿಳೆಯರೇ ಚಕ್ರ ತಳ್ಳಬೇಕಾಯಿತು. ಮೆಚ್ಚುಗೆ ಪಡೆದ ವಸ್ತುವೊಂದು ಅದರ ಆದಾಯದ ಊಹೆ ತಪ್ಪಿದಾಗ ಬಳಕೆದಾರರಿಗೇ ಹೊರೆಯಾಗಬಲ್ಲದು ಎಂಬುದನ್ನು ಈ ಪ್ರಕರಣ ತೋರಿಸುತ್ತದೆ.

ಶಿಕ್ಷಣ ಸಂಸ್ಥೆಗಳು

ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯವು ಸ್ಟ್ರಾಟೆಜಿಕ್ ಪ್ರಾಡಕ್ಟ್ ಡಿಸೈನ್ ಎಂಬ ಸ್ನಾತಕೋತ್ತರ ಕಾರ್ಯಕ್ರಮವನ್ನು ನಡೆಸಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ಕಾಲೇಜ್ ಆಫ್ ದಿ ಆರ್ಟ್ಸ್ 2008ರಲ್ಲಿ ವಿನ್ಯಾಸ ಕಾರ್ಯತಂತ್ರದಲ್ಲಿ ಎಂಬಿಎ ಪದವಿಯನ್ನು ಆರಂಭಿಸಿತು. ಭಾರತದಲ್ಲಿ ಎನ್ಐಡಿಯ ಸ್ಟ್ರಾಟೆಜಿಕ್ ಡಿಸೈನ್ ಮ್ಯಾನೇಜ್‌ಮೆಂಟ್ ವಿಭಾಗವು ವಿನ್ಯಾಸ ಮತ್ತು ವ್ಯವಹಾರಗಳ ಸಂಬಂಧವನ್ನು ಕೇಂದ್ರವಾಗಿರಿಸಿಕೊಂಡಿದೆ. 1969ರಲ್ಲಿ ಐಐಟಿ ಬಾಂಬೆಯಲ್ಲಿ ಸ್ಥಾಪನೆಯಾದ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಉತ್ಪನ್ನ ವಿನ್ಯಾಸದಲ್ಲಿ ಸ್ನಾತಕೋತ್ತರ ಶಿಕ್ಷಣ ನೀಡುತ್ತವೆ.

ಮೌಲ್ಯಮಾಪನ

ಮಾರುಕಟ್ಟೆಯಲ್ಲಿ ಗೆಲ್ಲುವುದನ್ನೇ ಅಳತೆಗೋಲಾಗಿಸಿದರೆ ಒಂದು ಶೈಕ್ಷಣಿಕ ಅವಧಿಯೊಳಗೆ ವಿದ್ಯಾರ್ಥಿಯ ಕಲಿಕೆಯನ್ನು ಅಳೆಯುವುದು ಕಷ್ಟ. ಆದ್ದರಿಂದ ಯಾವ ಊಹೆಯನ್ನು ಹೇಗೆ ಪರೀಕ್ಷಿಸಲಾಯಿತು, ಪರೀಕ್ಷೆಯ ನಂತರ ಏನು ಬದಲಾಯಿತು, ವ್ಯವಹಾರ ಮಾದರಿಯ ನಿರ್ಧಾರವು ವಸ್ತುವಿನ ಯಾವ ಭಾಗದಲ್ಲಿ ಕಾಣಿಸುತ್ತದೆ ಎಂಬ ಪ್ರಶ್ನೆಗಳು ಹೆಚ್ಚು ಉಪಯುಕ್ತವಾಗುತ್ತವೆ. ಕ್ಯಾನ್ವಾಸಿನಲ್ಲಿ ಬರೆದ ಮಾತಿಗೂ ಪ್ರೋಟೊಟೈಪಿಗೂ ಸಂಬಂಧವೇ ಕಾಣದಿದ್ದರೆ ಎರಡನ್ನೂ ಬೇರೆಬೇರೆಯಾಗಿ ಮಾಡಲಾಗಿದೆ ಎಂದು ಗುರುತಿಸಬಹುದು.

ಟೀಕೆಗಳು

ಈ ಬೋಧನೆಯಿಂದ ವಿನ್ಯಾಸದ ವಿದ್ಯಾರ್ಥಿ ಹಣ ಕೊಡಬಲ್ಲವರನ್ನು ಮಾತ್ರ ಬಳಕೆದಾರರೆಂದು ಎಣಿಸತೊಡಗುವ ಅಪಾಯವಿದೆ ಎಂಬುದು ಒಂದು ಆಕ್ಷೇಪ. ಸಾರ್ವಜನಿಕ ಸಾರಿಗೆ, ಶಾಲೆ ಮತ್ತು ಆಸ್ಪತ್ರೆಗಳಿಗೆ ಬೇಕಾದ ವಸ್ತುಗಳಲ್ಲಿ ಬಳಸುವವರು ಮತ್ತು ಹಣ ಕೊಡುವವರು ಬೇರೆಯಾಗಿರುತ್ತಾರೆ. ಇಂತಹ ಸಂದರ್ಭಗಳಿಗೆ ಸರಳ ಕ್ಯಾನ್ವಾಸ್ ಸಾಲುವುದಿಲ್ಲ. ಪೈಪೋಟಿ, ಕಾರ್ಮಿಕರ ಸ್ಥಿತಿ ಮತ್ತು ಪರಿಸರದ ಮೇಲಿನ ಪರಿಣಾಮಗಳಿಗೆ ಅದರಲ್ಲಿ ಪ್ರತ್ಯೇಕ ಅಂಕಣವಿಲ್ಲ. ಈ ಕೊರತೆಯನ್ನು ತುಂಬಲು ಅಲೆಕ್ಸಾಂಡರ್ ಜಾಯ್ಸ್ ಮತ್ತು ರೇಮಂಡ್ ಪಕಾನ್ ಅವರು 2016ರಲ್ಲಿ ಆರ್ಥಿಕ, ಪರಿಸರ ಮತ್ತು ಸಾಮಾಜಿಕ ಎಂಬ ಮೂರು ಪದರಗಳ ಕ್ಯಾನ್ವಾಸನ್ನು ಮಂಡಿಸಿದರು.

ಇನ್ನೊಂದು ಆಕ್ಷೇಪ ಪಠ್ಯದ ಅವಧಿಗೆ ಸಂಬಂಧಿಸಿದ್ದು. ಚಿತ್ರಣ, ಸಾಮಗ್ರಿ ಮತ್ತು ತಯಾರಿಕೆಯ ಕೌಶಲಕ್ಕೆ ಮೀಸಲಾದ ಸಮಯವನ್ನು ಈ ವಿಷಯ ಕಬಳಿಸಬಹುದು ಎಂಬ ಆತಂಕವಿದೆ. ಇದಕ್ಕೆ ಪ್ರತಿಯಾಗಿ, ವಿದ್ಯಾರ್ಥಿಯನ್ನು ವ್ಯಾಪಾರಿಯಾಗಿಸುವುದು ಇದರ ಗುರಿಯಲ್ಲ ಎಂಬ ವಾದವಿದೆ. ಬೆಲೆ, ಬಾಡಿಗೆ ಮತ್ತು ದುರಸ್ತಿಯ ನಿರ್ಧಾರಗಳು ಹೇಗೂ ವಸ್ತುವಿನ ರೂಪವನ್ನು ಬದಲಿಸುತ್ತವೆ. ಅವು ನಡೆಯುವಲ್ಲಿ ಬಳಕೆದಾರರ ಪರವಾಗಿ ಮಾತನಾಡಲು ಬೇಕಾದ ಭಾಷೆಯನ್ನು ವಿನ್ಯಾಸಕನಿಗೆ ಕಲಿಸುವುದು ಇದರ ಪ್ರಯೋಜನವೆಂದು ಪ್ರತಿಪಾದಿಸಲಾಗುತ್ತದೆ.